ಸೊಪ್ಪಿಗೊಂದು ಕಾನೂನು, ಹೂವಿಗೊಂದು ಕಾನೂನು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಾಸರಗೋಡು ಪುಟವನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುವವನು. ಮೊದಲು ನಿಧನ, ಆಮೇಲೆ ಅಡಿಕೆ ಧಾರಣೆ, ಆಮೇಲೆ ಗಾಂಜಾ. ನಿಧನ ವಾರ್ತೆ ಇಲ್ಲದ ದಿನ ಉಂಟು, ಗಾಂಜಾ ಇಲ್ಲದ ದಿನ ಅಪರೂಪ. ಇಷ್ಟು ಕಿಲೋ ವಶ, ಇಬ್ಬರ ಸೆರೆ, ಕಾರು ಮುಟ್ಟುಗೋಲು. ಆ ಸುದ್ದಿಗಳ ಮೇಲೆ ನನ್ನದೇನೂ ತಕರಾರಿಲ್ಲ. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿದವನು ನಾನು. ನಾನು ಕಲಿಸಿದ ಮಕ್ಕಳಲ್ಲೇ ಇಬ್ಬರು ಆ ಹೊಗೆಯ ಹಿಂದೆ ಹೋಗಿ ಹಾಳಾದರು. ಒಬ್ಬ ಬಾಯಿಲೆಕ್ಕದಲ್ಲಿ ನನ್ನನ್ನೂ ಮೀರಿಸುತ್ತಿದ್ದ. ಈ ಕಾಗದ ಅದೇ ಗಿಡದ ಬಗ್ಗೆಯೇ, ಆದರೆ ಬೇರೆ ಕಾರಣಕ್ಕೆ. ನನ್ನ ಕಾಲುಗಳ ಕಾರಣಕ್ಕೆ.

ಸಕ್ಕರೆ ಕಾಯಿಲೆ ಹಿಡಿದು ಹತ್ತೊಂಬತ್ತು ವರ್ಷ. ನರಗಳಿಗೆ ಇಳಿದು ಆರು ವರ್ಷ. ರಾತ್ರಿ ಹನ್ನೊಂದಾಯಿತೆಂದರೆ ಪಾದದಡಿಯಲ್ಲಿ ಯಾರೋ ಕೆಂಡ ಹರವಿದ ಹಾಗೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತದೆ. ಸಿಮೆಂಟು ನೆಲ ತಣ್ಣಗಿರುತ್ತದೆಂದು ಜಗಲಿಗೆ ಬಂದು ಬರಿಗಾಲಲ್ಲಿ ನಿಂತು ಬೆಳಗು ಮಾಡಿದ ದಿನಗಳಿಗೆ ಲೆಕ್ಕವಿಲ್ಲ. ಡಾಕ್ಟ್ರು ಕೊಟ್ಟ ಮಾತ್ರೆಯಲ್ಲಿ ಉರಿ ಅರ್ಧ ಇಳಿಯುತ್ತದೆ, ತಲೆ ಪೂರ್ತಿ ತಿರುಗುತ್ತದೆ. ಒಮ್ಮೆ ತೋಟದ ತೋಡಿಗೆ ಬಿದ್ದೆ.

2024ರ ಬೇಸಗೆಯಲ್ಲಿ ಮಗಳು ನಮ್ಮಿಬ್ಬರನ್ನು ಅಮೆರಿಕಕ್ಕೆ ಕರೆಸಿಕೊಂಡಳು. ನ್ಯೂಯಾರ್ಕ್ ಅಲ್ಲ, ಕ್ಯಾಲಿಫೋರ್ನಿಯ ಅಲ್ಲ; ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಪೇಟೆ. ಜನಸಂಖ್ಯೆ ಇಪ್ಪತ್ತೈದು ಸಾವಿರದಷ್ಟು. ನಡುವೆ ಕೋರ್ಟು ಕಟ್ಟಡ, ಸುತ್ತ ಚೌಕ, ಚೌಕದ ಸುತ್ತ ಅಂಗಡಿಗಳು, ತಲೆಗೊಂದು ಚರ್ಚು. ಸೆಕೆ ಮಾತ್ರ ನಮ್ಮ ಕುಂಬಳೆಯ ಮೇ ತಿಂಗಳಿಗೆ ಸಮ. ವಿಮಾನ ಇಳಿಯುವುದು ಮೆಂಫಿಸ್‌ನಲ್ಲಿ, ಅದು ಟೆನೆಸಿ ರಾಜ್ಯ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ, ನಡುವೆ ಗಡಿ. ‘ಮಾವ, ಇದು ನಿಮ್ಮ ತಲಪಾಡಿ’ ಅಂದ ಅಳಿಯ, ನಮ್ಮ ಕೇರಳ–ಕರ್ನಾಟಕ ಗಡಿಯ ಊರನ್ನು ನೆನೆದು. ಅವನು ತಮಾಷೆಗೆ ಹೇಳಿದ್ದು. ಎರಡು ತಿಂಗಳು ಕಳೆಯುವುದರೊಳಗೆ ಅದು ತಮಾಷೆಯಲ್ಲವೆಂದು ಗೊತ್ತಾಯಿತು.

ಮಗಳ ಎದುರುಮನೆಯಲ್ಲಿ ಒಬ್ಬರು ಅಜ್ಜಿ. ಎಪ್ಪತ್ತನಾಲ್ಕು ವರ್ಷ, ಕಾರು ತಾನೇ ಓಡಿಸುತ್ತಾರೆ. ಕ್ಯಾನ್ಸರಿನ ಔಷಧಿಯಿಂದಾಗಿ ಅವರಿಗೂ ನನ್ನ ಹಾಗೆಯೇ ಕಾಲುರಿ. ಸಂಜೆ ಹೊತ್ತು ಅವರು ಬೇಲಿಯ ಆ ಕಡೆ, ನಾನು ಈ ಕಡೆ, ಇಬ್ಬರೂ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತಿದ್ದೆವು. ನನ್ನ ಇಂಗ್ಲಿಷ್ ಪಾಠಪುಸ್ತಕದ್ದು, ಅವರದ್ದು ಮೂಗಿನಿಂದ ಬರುವಂಥದ್ದು, ಆದರೂ ಕಾಲುರಿಯ ಸುದ್ದಿ ಇಬ್ಬರಿಗೂ ಅರ್ಥವಾಗುತ್ತಿತ್ತು. ಒಂದು ದಿನ ಅವರು ಕೈಚೀಲದಿಂದ ಒಂದು ಕಾರ್ಡು ತೆಗೆದು ತೋರಿಸಿದರು. ನಮ್ಮ ರೇಷನ್ ಕಾರ್ಡಿನ ಗೌರವದಲ್ಲಿ ಇಟ್ಟುಕೊಂಡಿದ್ದರು. ಅದು ಗಾಂಜಾ ಕಾರ್ಡು.

ಆ ರಾಜ್ಯಕ್ಕೆ ಈ ಕಾನೂನು ಬಂದ ಕತೆಯಲ್ಲಿ ಒಂದು ಲೆಕ್ಕವಿದೆ, ಲೆಕ್ಕದ ಮಾಸ್ಟ್ರಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ. 2020ರ ನವೆಂಬರಿನಲ್ಲಿ ಜನ ಮತ ಹಾಕಿ ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟರು. 2021ರ ಮೇಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಯಾಕೆಂದರೆ, ಇಂಥ ಜನಮತಕ್ಕೆ ಸಹಿ ಸಂಗ್ರಹಿಸುವಾಗ ಯಾವುದೇ ಒಂದು ಲೋಕಸಭಾ ಕ್ಷೇತ್ರದಿಂದ ಐದನೇ ಒಂದು ಪಾಲಿಗಿಂತ ಹೆಚ್ಚು ಸಹಿ ಇರಬಾರದು ಎಂದು ಆ ರಾಜ್ಯದ ಸಂವಿಧಾನದಲ್ಲಿತ್ತು. ಬರೆಯುವಾಗ ಕ್ಷೇತ್ರ ಐದಿತ್ತು. 2000ದ ಜನಗಣತಿಯ ಮೇಲೆ ಅದು ನಾಲ್ಕಾಯಿತು. ನಾಲ್ಕು ಕ್ಷೇತ್ರದಿಂದ ತಲಾ ಐದನೇ ಒಂದು ಕೂಡಿಸಿದರೆ ಐದನೇ ನಾಲ್ಕು. ಒಂದು ಆಗುವುದು ಎಲ್ಲಿಂದ? ಏಳನೇ ತರಗತಿಯ ಭಿನ್ನರಾಶಿಯಲ್ಲಿ ಒಂದು ರಾಜ್ಯದ ಜನಮತ ಬಿದ್ದುಹೋಯಿತು. ಆಮೇಲೆ ಶಾಸನಸಭೆಯೇ ಬೇರೆ ಕಾಯಿದೆ ಮಾಡಿತು, 2022ರ ಫೆಬ್ರವರಿ 2ರಂದು ಗವರ್ನರ್ ಸಹಿ ಬಿತ್ತು, 2023ರ ಜನವರಿಯಲ್ಲಿ ಮಾರಾಟ ಶುರು. ಬೇಡವೆನ್ನುವ ಪೇಟೆ, ಕೌಂಟಿಗಳಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹೊರಗುಳಿಯಲು 90 ದಿನದ ಅವಕಾಶ ಇತ್ತು, ಕೆಲವು ಹಾಗೆ ಹೊರಗುಳಿದವು ಕೂಡ.

ಅಜ್ಜಿಯ ಕಾರಿನಲ್ಲಿ ಒಂದು ದಿನ ಅಂಗಡಿಗೆ ಹೋದೆ. ಅವರು ಅದನ್ನು ಡಿಸ್ಪೆನ್ಸರಿ ಅನ್ನುತ್ತಾರೆ. ನಮ್ಮಲ್ಲಿ ಡಿಸ್ಪೆನ್ಸರಿ ಅಂದರೆ ಪಂಚಾಯತಿಯ ಆಯುರ್ವೇದ ಡಿಸ್ಪೆನ್ಸರಿ, ಮನೆಯಿಂದ ಖಾಲಿ ಬಾಟ್ಲಿ ಕೊಂಡುಹೋಗಿ ಕಷಾಯ ತುಂಬಿಸಿಕೊಂಡು ಬರುವುದು. ಇಲ್ಲಿ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಗಾಜಿನ ಹಿಂದೆ ಒಬ್ಬಳು ಹುಡುಗಿ, ಒಳಬಾಗಿಲಿಗೆ ಬೀಗ. ಅಜ್ಜಿಯ ಕಾರ್ಡು ನೋಡಿ ಬಾಗಿಲು ತೆರೆದಳು. ನನಗೆ, ನೀವು ಇಲ್ಲೇ ಕೂತಿರಿ ಎಂದಳು.

ಕೂತವನು ಸುಮ್ಮನಿರುತ್ತೇನೆಯೇ. ನನ್ನಂಥವನಿಗೆ ಇದು ಸಿಗುತ್ತದೆಯೇ ಎಂದು ಕೇಳಿದೆ. ಆ ಹುಡುಗಿಗೆ ನನ್ನ ಮೊಮ್ಮಗಳ ವಯಸ್ಸು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ನಿಧಾನಕ್ಕೆ, ನನಗೆ ಅರ್ಥವಾಗುವ ಹಾಗೆ ಹೇಳಿದಳು: ಇಲ್ಲ. ಕಾರ್ಡು ಕೊಡುವುದು ರಾಜ್ಯದ ಆರೋಗ್ಯ ಇಲಾಖೆ, ಶುಲ್ಕ 25 ಡಾಲರ್. ಅದಕ್ಕೆ ಮೊದಲು ವೈದ್ಯರು ಖುದ್ದಾಗಿ ನೋಡಿ ಪ್ರಮಾಣಪತ್ರ ಕೊಡಬೇಕು. ಮದ್ದಿನ ಚೀಟಿ ಅಲ್ಲ, ಪ್ರಮಾಣಪತ್ರ. ಕೇಂದ್ರದ ಕಾನೂನಿನಲ್ಲಿ ಗಾಂಜಾ ಹೆರಾಯಿನ್ನಿನ ಸಾಲಿನ ಮೊದಲ ಪಟ್ಟಿಯಲ್ಲಿರುವುದರಿಂದ ಚೀಟಿ ಬರೆಯುವ ಹಾಗಿಲ್ಲ. ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆಯಿಂದ ಬರುವ ನರದ ನೋವು ಇದೆ, ನಿಮ್ಮದು ಅದರಲ್ಲಿ ಬರುತ್ತದೆ. ಆದರೆ ನೀವು ಈ ರಾಜ್ಯದ ನಿವಾಸಿಯಲ್ಲ. ಬೇರೆ ರಾಜ್ಯದ ಕಾರ್ಡು ಇರುವವರಿಗೆ 15 ದಿನದ ತಾತ್ಕಾಲಿಕ ಕಾರ್ಡು ಸಿಗುತ್ತದೆ, ನಿಮ್ಮ ಬಳಿ ಅದೂ ಇಲ್ಲ. ನಿಮ್ಮ ಸ್ನೇಹಿತೆ ನಿಮಗೆ ಸ್ವಲ್ಪ ಕೊಟ್ಟರೆ ಅವರು ಅಪರಾಧಿ.

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಬೆಂಕಿ. ‘ಅಪ್ಪಾ, ನೀವು ಅದರ ಹತ್ತಿರ ಸುಳಿಯಲೂ ಬೇಡಿ. ನಿಮ್ಮದು ಪ್ರವಾಸಿ ವೀಸಾ.’ ವಿದೇಶಿಯರ ವಿಷಯದಲ್ಲಿ ನಡೆಯುವುದು ಕೇಂದ್ರದ ಕಾನೂನಂತೆ. ರಾಜ್ಯ ಒಪ್ಪಿದ ಗಾಂಜಾವಾದರೂ ಸರಿ, ಸೇವಿಸಿದ್ದೇನೆಂದು ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಮುಂದಿನ ಸಲ ವಿಮಾನ ನಿಲ್ದಾಣದಿಂದಲೇ ವಾಪಸು ಕಳುಹಿಸಬಹುದು. ಅಜ್ಜಿ ಕೂಡ ತಮ್ಮ ಡಬ್ಬಿ ಹಿಡಿದು ಟೆನೆಸಿಯ ಗಡಿ ದಾಟುವಂತಿಲ್ಲ. ಮೆಂಫಿಸ್ ಆಸ್ಪತ್ರೆಗೆ ಹೋಗುವ ದಿನ ಅದನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು, ಉರಿಯುವ ಕಾಲಲ್ಲೇ ಬ್ರೇಕು ಒತ್ತಿಕೊಂಡು ಹೋಗುತ್ತಾರೆ. ಇನ್ನೂ ಒಂದು ವಿಚಿತ್ರ ಅಳಿಯ ಹೇಳಿದ. ಅದೇ ಪೇಟೆಯ ವಿಶ್ವವಿದ್ಯಾಲಯ 1968ರಿಂದ ಸಂಶೋಧನೆಗಾಗಿ ಕೇಂದ್ರ ಸರಕಾರಕ್ಕೆ ಗಾಂಜಾ ಬೆಳೆದುಕೊಡುತ್ತಿದೆ, ದಶಕಗಳ ಕಾಲ ಇಡೀ ದೇಶದಲ್ಲಿ ಆ ಪರವಾನಗಿ ಇದ್ದದ್ದು ಅವರಿಗೆ ಮಾತ್ರ. ನಿಷೇಧ ಹೇರಿದವನೇ ಗಿರಾಕಿ.

ಗಡಿ ಮತ್ತು ಮದ್ದಿನ ಸಂಬಂಧ ನಮಗೇನು ಹೊಸತಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾರದೆ ಜೀವ ಬಿಟ್ಟ ಕಾಸರಗೋಡಿನವರ ಸುದ್ದಿಯನ್ನು ನೀವೇ ಪ್ರಕಟಿಸಿದ್ದೀರಿ. ಹಾಗಾಗಿ ಅಜ್ಜಿಯ ಡಬ್ಬಿ ಗಡಿ ದಾಟಬಾರದು ಅಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಆ ಹುಡುಗಿ ಇಲ್ಲ ಅಂದ ರೀತಿಗೆ. ಯಾಕಿಲ್ಲ, ಯಾರಿಗೆ ಇದೆ, ಎಷ್ಟಿದೆ, ಎಲ್ಲಿವರೆಗೆ ಇದೆ, ಎಲ್ಲ ಐದು ನಿಮಿಷದಲ್ಲಿ ಮುಗಿಯಿತು.

ಈಗ ಊರಿನ ಕತೆ.

ನಮ್ಮದು ಎಣ್ಮಕಜೆ ಪಂಚಾಯತು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ನಮ್ಮೂರ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದೆ. ನಮ್ಮ ಗುಡ್ಡದ ಕೆಳಗಿನ ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ. ಹದಿನಾರು ವರ್ಷ, ಮಾತಿಲ್ಲ, ದಿನಕ್ಕೆ ಐದಾರು ಸಲ ಸೆಳೆತ ಬರುತ್ತದೆ. ನಾನು ಅಮೆರಿಕದಿಂದ ಬಂದ ಮೂರನೇ ದಿನ ಅವನ ತಾಯಿ ಗುಡ್ಡ ಹತ್ತಿ ಬಂದಳು. ಸೆರಗಿನ ತುದಿಯಲ್ಲಿ ಬೆವರು ಒರಸಿಕೊಂಡು, ‘ಮಾಸ್ಟ್ರೇ, ಅಲ್ಲಿ ಸೆಳೆತಕ್ಕೆ ಗಾಂಜಾದ ಎಣ್ಣೆ ಉಂಟಂತೆ ಅಲ್ವಾ? ಮೊಬೈಲಲ್ಲಿ ಬಂತು’ ಅಂದಳು. ಕೈಯಲ್ಲಿ ಮೊಬೈಲು, ಅದರಲ್ಲಿ ಒಂದು ಜಾಹೀರಾತು.

ನನಗೆ ಗೊತ್ತಿದ್ದಷ್ಟು ಹೇಳಿದೆ. 2018ರ ಜೂನಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಪಿಡಿಯೋಲೆಕ್ಸ್ ಎಂಬ ದ್ರವ ಔಷಧಿಗೆ ಒಪ್ಪಿಗೆ ಕೊಟ್ಟದ್ದು ನಿಜ. ಅದು ಗಾಂಜಾ ಗಿಡದಿಂದ ತೆಗೆದದ್ದೂ ನಿಜ. ಆದರೆ ಅದರಲ್ಲಿರುವುದು ಮತ್ತೇರಿಸದ ಸಿಬಿಡಿ ಎಂಬ ಒಂದೇ ಅಂಶ, ಶುದ್ಧ ಮಾಡಿ, ಮಗುವಿನ ತೂಕಕ್ಕೆ ಸರಿಯಾಗಿ ಅಳೆದು ಕೊಡುವಂಥದ್ದು. ಮೊದಲು ಒಪ್ಪಿಗೆ ಸಿಕ್ಕಿದ್ದು ಡ್ರಾವೆ, ಲೆನೊಕ್ಸ್–ಗಾಸ್ಟೊ ಎಂಬ ಎರಡು ಅಪರೂಪದ ಕಾಯಿಲೆಗಳಿಗೆ, 2020ರಲ್ಲಿ ಇನ್ನೊಂದಕ್ಕೆ. ಎಲ್ಲ ಸೆಳೆತಕ್ಕೂ ಅಲ್ಲ. ‘ಹಾಗಾದ್ರೆ ಇವನ ಸೆಳೆತಕ್ಕೆ ಆಗ್ತದಾ, ಆಗುದಿಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲಿನ ಜಾಹೀರಾತಿನ ಹತ್ತಿರ ಇತ್ತು: ನೂರಕ್ಕೆ ನೂರು ಕಾನೂನುಬದ್ಧ, ಎಲ್ಲ ರೋಗಕ್ಕೂ.

ಅವಳಿಗೆ ತರಿಸಬೇಡ ಎಂದ ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ವಾರ ಕಳೆದು ಒಂದು ಕೆಟ್ಟ ರಾತ್ರಿ ನನಗಾಗಿ ತರಿಸಿದೆ. ವಿಡಿಯೋ ಕರೆಯಲ್ಲಿ ಒಬ್ಬ ವೈದ್ಯರು ಬಂದರು, ಹಿಂದಿ ಬೆರೆತ ಇಂಗ್ಲಿಷು. ಹೆಸರು, ವಯಸ್ಸು, ಕಾಲುರಿ, ನಿದ್ದೆ. ಮೂರು ನಿಮಿಷದಲ್ಲಿ ಚೀಟಿ ಬಂತು, ನಾಲ್ಕು ದಿನದಲ್ಲಿ ಕೊರಿಯರ್. ಬೆರಳುದ್ದದ ಕಪ್ಪು ಬಾಟ್ಲಿ, ಹನಿ ಹಾಕುವ ಮುಚ್ಚಳ, ಮೇಲೆ ಏಳು ಬೆರಳಿನ ಎಲೆಯ ಚಿತ್ರ, ಸಂಸ್ಕೃತದಲ್ಲಿ ಹೆಸರು, ಬಾಕಿಯೆಲ್ಲ ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ. ಭೂತಗನ್ನಡಿ ಹಿಡಿದು ಓದಿದೆ. ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು’ ಎಂಬ ಎಚ್ಚರಿಕೆ ಕಂಡಿತು. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂದು ಹೆಸರು, ಜಾತೀಫಲಾದಿ ಚೂರ್ಣದಲ್ಲಿ ಇದರ ಸೊಪ್ಪು ಬೀಳುತ್ತದೆ. ಔಷಧ ನಿಯಮಗಳ ವಿಷವಸ್ತುಗಳ ಅನುಸೂಚಿಯಲ್ಲಿ ಗುಲಗಂಜಿ, ದತ್ತೂರಿಗಳ ಜೊತೆ ಈ ಸೊಪ್ಪು, ಅಂದರೆ ಭಂಗಿಯೂ ಇದೆ, ಆದ್ದರಿಂದ ಆ ಎಚ್ಚರಿಕೆ. ಮೇಲ್ವಿಚಾರಣೆ ಮಾಡಬೇಕಾದ ವೈದ್ಯರು ಕರೆ ಕಡಿದ ಮೇಲೆ ಪುನಃ ಸಿಗಲಿಲ್ಲ.

ಹೆಂಡತಿ ಬಾಟ್ಲಿಯನ್ನು ಮೂಸಿ ನೋಡಿ, ‘ಇದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಡ್ಬೇಡಿ’ ಎಂದಳು. ಒಂದು ಹನಿ ಹಾಕಿಕೊಳ್ಳುವ ಮೊದಲು ಮಂಗಳೂರಿನ ನಮ್ಮ ಸಕ್ಕರೆ ಡಾಕ್ಟ್ರಿಗೆ ತೋರಿಸಿಯೇ ಬರುವುದೆಂದು ಹೊರಟೆ. ಅವರು ಬಾಟ್ಲಿ ನೋಡಲಿಲ್ಲ, ನನ್ನ ಹಳೆ ಚೀಟಿ ನೋಡಿದರು. ‘ಮಾಸ್ಟ್ರೇ, ನೀವು ವಾರ್ಫರಿನ್ ತೆಗೊಳ್ಳುವವರು ಅಂತ ಅವರಿಗೆ ಹೇಳಿದ್ರಾ?’ ರಕ್ತ ಹೆಪ್ಪುಗಟ್ಟದಂತೆ ನಾನು ನುಂಗುವ ಮಾತ್ರೆ ಅದು. ವಿಡಿಯೋದ ವೈದ್ಯರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಸಿಬಿಡಿ ಸೇರಿದರೆ ವಾರ್ಫರಿನ್ನಿನ ಬಲ ಹೆಚ್ಚಿ ರಕ್ತ ಹೆಪ್ಪುಗಟ್ಟದೆ ಸೋರಬಹುದಂತೆ. ‘ನರದ ನೋವಿಗೆ ಕೆಲವರಿಗೆ ಸ್ವಲ್ಪ ಗುಣ ಕಂಡದ್ದುಂಟು, ನಿಮಗೆ ನಾನು ಧೈರ್ಯ ಮಾಡುವುದಿಲ್ಲ. ಕಾನೂನು ನನಗೆ ಕೇಳ್ಬೇಡಿ.’

ವಾಪಸು ಬರುವ ಬಸ್ಸು ಗಡಿ ದಾಟಿದ ಮೇಲೆ ಒಂದು ಕಡೆ ನಿಂತಿತು. ಇಬ್ಬರು ಹತ್ತಿದರು, ಸೀಟಿಂದ ಸೀಟಿಗೆ ಚೀಲ ತಡಕುತ್ತಾ ಬಂದರು. ಮೂರನೇ ಸಾಲಿನಲ್ಲಿ ನಾನು. ತೊಡೆಯ ಮೇಲೆ ಬಟ್ಟೆ ಚೀಲ, ಅದರೊಳಗೆ ಎರಡು ಪೊಟ್ಟಣ ಖಾರ, ಮೊಮ್ಮಗುವಿನ ಚೆಡ್ಡಿ, ಆ ಬಾಟ್ಲಿ. ಮೂವತ್ತೆರಡು ವರ್ಷ ಮಕ್ಕಳ ಚೀಲ ತಡಕಿದವನಿಗೆ ಆ ಹೊತ್ತು ಅಂಗೈ ಬೆವರಿತು. ಅಧಿಕಾರಿ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಲೆಯ ಚಿತ್ರ. ‘ಇದೆಂದಾಣ್, ಮಾಷೇ?’ ಇದೇನು ಮಾಸ್ಟ್ರೇ, ಅಂತ. ಮಾಷೇ ಅಂದದ್ದರಿಂದ ಸ್ವಲ್ಪ ಜೀವ ಬಂತು. ಮದ್ದು ಎಂದೆ, ಚೀಟಿ ತೋರಿಸಿದೆ. ಅವನು ಚೀಟಿಯನ್ನು ಇನ್ನೊಬ್ಬನಿಗೆ ಕೊಟ್ಟ, ಇನ್ನೊಬ್ಬ ವಾಪಸು ಕೊಟ್ಟ. ಬಸ್ಸಿನ ನಲವತ್ತು ತಲೆಗಳು ನನ್ನ ಕಡೆ. ನನ್ನ ಹಿಂದಿನ ಸೀಟಿನಲ್ಲಿ ನನ್ನದೇ ಹಳೆ ವಿದ್ಯಾರ್ಥಿಯ ತಾಯಿ. ಕೊನೆಗೆ ಆ ಅಧಿಕಾರಿ, ‘ಶರಿ, ಇನಿ ಇದ್ ಕೊಂಡ್ ನಡಕ್ಕೇಂಡ’ ಎಂದು ಚೀಲಕ್ಕೆ ಹಾಕಿದ. ಸರಿ, ಇನ್ನು ಇದನ್ನು ಹಿಡಿದುಕೊಂಡು ತಿರುಗಬೇಡಿ, ಅಂತ. ತಪ್ಪೋ ಸರಿಯೋ ಅವನೂ ಹೇಳಲಿಲ್ಲ. ಅವನ ಮೇಲೆ ನನಗೆ ದೂರಿಲ್ಲ, ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅವತ್ತಿನಿಂದ ನಾನೇ ಕೂತು ಓದಿದೆ. 1985ರ ಮಾದಕದ್ರವ್ಯ ಕಾಯಿದೆ ಇಡೀ ದೇಶದ್ದು. ಅದರ ವ್ಯಾಖ್ಯೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ಅಥವಾ ಕಾಯಿ ಕಟ್ಟಿದ ತುದಿ, ಚರಸ್ ಅಂದರೆ ಅದರ ಅಂಟು. ತುದಿ ಜೊತೆಗಿಲ್ಲದ ಸೊಪ್ಪು ಮತ್ತು ಬೀಜ ಅದರಲ್ಲಿ ಬರುವುದಿಲ್ಲ. ಹೂವು ದೇಶದ ಕಾನೂನು, ಸೊಪ್ಪು ಆಯಾ ರಾಜ್ಯದ ಅಬಕಾರಿ. 2022ರಲ್ಲಿ ಕರ್ನಾಟಕ ಹೈಕೋರ್ಟು ಒಬ್ಬರಿಗೆ ಜಾಮೀನು ಕೊಡುವಾಗ, ಭಂಗಿ ಈ ಕಾಯಿದೆಯ ವ್ಯಾಖ್ಯೆಯೊಳಗೆ ಇಲ್ಲ ಎಂದು ಇದನ್ನೇ ಹೇಳಿತು. ಆದರೆ ಸೊಪ್ಪಿನಲ್ಲೂ ಇರುವ, ಮತ್ತೇರಿಸುವ ಟಿಎಚ್‌ಸಿ ಎಂಬ ಅಂಶ ಅದೇ ಕಾಯಿದೆಯ ಇನ್ನೊಂದು ಪಟ್ಟಿಯಲ್ಲಿ ಕೂತಿದೆ. ಗಾಂಜಾ 1,000 ಗ್ರಾಂವರೆಗೆ ‘ಸಣ್ಣ ಪ್ರಮಾಣ’, ಅದಕ್ಕೂ ಒಂದು ವರ್ಷದವರೆಗೆ ಜೈಲು ಉಂಟು. 20 ಕಿಲೋದಿಂದ ಮೇಲೆ ‘ವಾಣಿಜ್ಯ ಪ್ರಮಾಣ’, ಹತ್ತರಿಂದ ಇಪ್ಪತ್ತು ವರ್ಷ. ಆಕ್ಸ್‌ಫರ್ಡಿನ ಅಜ್ಜಿಗೆ ವಾರಕ್ಕೆ ಆರು ಪಾಲು, ಹೂವಾದರೆ ಪಾಲಿಗೆ ಮೂರೂವರೆ ಗ್ರಾಂ, ಒಟ್ಟು 21 ಗ್ರಾಂ. ಅಲ್ಲಿ ಅಳತೆ ಇರುವುದು ರೋಗಿಗೆ, ಇಲ್ಲಿ ಆರೋಪಿಗೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ವಿನಾಯಿತಿ ನಮ್ಮ ಕಾಯಿದೆಯ 8ನೇ ಕಲಮಿನಲ್ಲೇ ಇದೆ. ಆ ವಿನಾಯಿತಿ ಎಣ್ಮಕಜೆಯ ರೋಗಿಗೆ ಯಾವ ಬಾಗಿಲಿನಿಂದ ಬರುತ್ತದೆ?

ನಮ್ಮಲ್ಲಿ ಆಗದ ಕೆಲಸ ಇದು ಅಂತ ಹೇಳಬೇಡಿ. ನನ್ನ ಅಣ್ಣ ಕ್ಯಾನ್ಸರಿನಲ್ಲಿ ಮಲಗಿದ್ದಾಗ ಪಂಚಾಯತಿನ ಪಾಲಿಯೇಟಿವ್ (ನೋವು ಇಳಿಸುವ ಆರೈಕೆಯ) ನರ್ಸಮ್ಮ ಮನೆಗೆ ಬರುತ್ತಿದ್ದರು. ಈ ವಿಷಯದಲ್ಲಿ ಕೇರಳವನ್ನು ಹೊಗಳಲೇಬೇಕು. ಅಣ್ಣನಿಗೆ ನೋವಿಗೆಂದು ಕೊಟ್ಟದ್ದು ಮಾರ್ಫಿನ್, ಅದೂ ಇದೇ 1985ರ ಕಾಯಿದೆಯ ಕೆಳಗಿನ ವಸ್ತು. ಕಾಯಿದೆಯ ಭಯಕ್ಕೆ ವರ್ಷಾನುಗಟ್ಟಲೆ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ. 2014ರ ತಿದ್ದುಪಡಿಯಲ್ಲಿ ದಾರಿ ಸ್ವಲ್ಪ ಸಲೀಸಾಯಿತು. ಆ ನರ್ಸಮ್ಮ ಮಲಯಾಳಿ, ಅತ್ತಿಗೆಗೆ ಮಲಯಾಳ ಓದಲು ಬಾರದು. ಅವರು ನನ್ನನ್ನು ಕೂರಿಸಿ ಕನ್ನಡದಲ್ಲಿ ಬರೆಸಿದರು: ನಾಲ್ಕು ಗಂಟೆಗೊಮ್ಮೆ ಒಂದು. ರಾತ್ರಿ ಮಲಗುವಾಗ ಎರಡು, ನಡುರಾತ್ರಿ ಎಬ್ಬಿಸುವುದು ಬೇಡ. ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಈ ಬಿಳಿ ಮಾತ್ರೆ ತಪ್ಪದೆ. ಉಳಿದದ್ದನ್ನು ಯಾರಿಗೂ ಕೊಡಬಾರದು, ನನಗೆ ವಾಪಸು. ಒಂದು ಹಾಳೆ. ಅಣ್ಣ ಹೋಗಿ ನಾಲ್ಕು ವರ್ಷವಾದರೂ ಅತ್ತಿಗೆ ಅದನ್ನು ಕ್ಯಾಲೆಂಡರಿನ ಹಿಂದೆ ಇಟ್ಟುಕೊಂಡಿದ್ದಾರೆ.

ಹಾಗೆ ಒಂದು ಹಾಳೆ ಈ ಎಣ್ಣೆಗಳ ಬಗ್ಗೆಯೂ ಬೇಕು. ಅದು ಕನ್ನಡದಲ್ಲಿ ಇರಬೇಕು, ಕನ್ನಡ ಬಲ್ಲವರೇ ಬರೆದಿರಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಮ್ಮ ಕಡೆಯ ಒಂದು ಕನ್ನಡ ಶಾಲೆಯ ಗೇಟಿನಲ್ಲಿ ‘ಲಹರಿ ಮುಕ್ತ ಶಾಲೆ’ ಎಂದು ದೊಡ್ಡ ಬೋರ್ಡು ಹಾಕಿದ್ದಾರೆ. ಮಲಯಾಳದಲ್ಲಿ ಲಹರಿ ಅಂದರೆ ಅಮಲು. ಕನ್ನಡದಲ್ಲಿ? ಲಹರಿ ಇಲ್ಲದ ಶಾಲೆಗೆ ಮಕ್ಕಳನ್ನು ಯಾರು ಕಳುಹಿಸುತ್ತಾರೆ, ಸ್ವಾಮಿ. ಮಕ್ಕಳು ನಗುತ್ತಾರೆ, ಮಾಸ್ಟ್ರುಗಳು ನಕ್ಕು ಸುಮ್ಮನಾಗುತ್ತಾರೆ. ಮಾದಕವಸ್ತುವಿನ ಎಚ್ಚರಿಕೆಯೇ ಈ ಗತಿಯಾದರೆ ಮದ್ದಿನ ಕಾನೂನು ಯಾವ ಭಾಷೆಯಲ್ಲಿ ಬರಬಹುದೆಂದು ನೀವೇ ಊಹಿಸಿ.

ಕೇಳಿಕೊಳ್ಳುವುದು ಇಷ್ಟು. ಜಿಲ್ಲೆಯ ಒಬ್ಬ ನರರೋಗ ತಜ್ಞರು, ಒಬ್ಬ ಸರಕಾರಿ ಆಯುರ್ವೇದ ವೈದ್ಯರು, ಒಬ್ಬ ಎಕ್ಸೈಸ್ ಅಧಿಕಾರಿ, ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ನಿಮ್ಮ ವರದಿಗಾರರು ಪ್ರಶ್ನೆ ಕೇಳಲಿ. ವಿಜಯಾ ಎಣ್ಣೆಯನ್ನು ಕೇರಳದಲ್ಲಿ ರೋಗಿ ಇಟ್ಟುಕೊಳ್ಳಬಹುದೇ, ಎಷ್ಟು, ಯಾವ ಚೀಟಿಯ ಮೇಲೆ? ಮಂಗಳೂರಿನಿಂದ ತರಬಹುದೇ? ಸೆಳೆತದ ಮಕ್ಕಳಿಗೆ ಇದು ಆಗುತ್ತದೆಯೇ, ಆದರೆ ಯಾರಿಗೆ? ಉತ್ತರ ‘ಇಲ್ಲ’ ಎಂದಾದರೂ ತೊಂದರೆಯಿಲ್ಲ. ಅದನ್ನೇ ದೊಡ್ಡ ಅಕ್ಷರದಲ್ಲಿ, ಗಾಂಜಾ ಸುದ್ದಿಯ ಪಕ್ಕದಲ್ಲೇ ಹಾಕಿ.

ಬಾಟ್ಲಿ ಈಗ ತೋಟದ ಶೆಡ್ಡಿನಲ್ಲಿ, ಬೋರ್ಡೋ ದ್ರಾವಣದ ಮೈಲುತುತ್ತಿನ ಡಬ್ಬಿಯ ಪಕ್ಕ ಇದೆ. ಮುಚ್ಚಳ ಬಿಚ್ಚಿಲ್ಲ. ಎಸೆಯಲು ಎಲ್ಲಿ ಎಂದು ಗೊತ್ತಿಲ್ಲ, ತೋಡಿಗೆ ಸುರಿಯಲು ಮನಸ್ಸಿಲ್ಲ; ಆ ನೀರು ಕೆಳಗಿನ ಮನೆಗೆ ಹೋಗುತ್ತದೆ. ಆ ತಾಯಿ ನಿನ್ನೆ ಪುನಃ ಬಂದಿದ್ದಳು. ಪೇಪರಿಗೆ ಬರೆಯುತ್ತೇನೆ ಅಂದಿದ್ದೇನೆ.

ಇತಿ,
ನಿವೃತ್ತ ಕನ್ನಡ ಶಾಲಾ ಅಧ್ಯಾಪಕ,
ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ

(ಬಸ್ಸಿನ ಕತೆ ಇನ್ನೂ ಕೆಲವರಿಗೆ ತಲುಪಿಲ್ಲ, ಆದ್ದರಿಂದ ದಯವಿಟ್ಟು ಹೆಸರು ಹಾಕಬೇಡಿ.)